ಅಲಗೂ ಹಿಡಿಕೆಯೂ

(ಬಾನುಲಿ ಭಾಷಣ)

ಗಂಡಸಾಗಿ ಹುಟ್ಟಿದವನಿಗೆ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಗಂಟುಬಿದ್ದು ಕೊನೆಯವರೆಗೂ ಬಿಡದ ಕೆಲಸಗಳಲ್ಲಿ ಮುಖಕ್ಷೌರವೂ ಒಂದು. ಗಡ್ಡ ಬಿಟ್ಟವರಿಗೆ ಈ ತಾಪತ್ರಯವಿಲ್ಲವೆಂದು ಉಳಿದವರು ತಿಳಿಯುತ್ತಾರೆ. ಬಿಟ್ಟ ಗಡ್ಡಕ್ಕೂ ಅಂಚು ಸರಿಮಾಡುವ ಕೆಲಸ ತಪ್ಪಿದ್ದಲ್ಲ. ಗಡ್ಡದ ಕೂದಲು ದಿನವೊಂದಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಬೆಳೆಯುತ್ತದೆ. ಅಷ್ಟನ್ನು ತೆಗೆಯುವುದಕ್ಕಾಗಿ ಮನುಷ್ಯ ಕಂಚು, ಕಬ್ಬಿಣ, ಉಕ್ಕುಗಳನ್ನೆಲ್ಲ ಮಸೆದು ನೋಡಿದ್ದಾನೆ. ಆ ದೊಡ್ಡ ಸಾಲಿನಲ್ಲಿ ಎರಡು ಉಪಕರಣಗಳ ವಿಷಯವಾಗಿ ಮಾತ್ರ ನಾನೀಗ ಮಾತಾಡಬೇಕೆಂದಿದ್ದೇನೆ. ಒಂದು, ಬ್ಲೇಡನ್ನಷ್ಟೇ ಬದಲಾಯಿಸುತ್ತ ಹೋಗುವ ಲೋಹದ ಸೇಫ್ಟಿ ರೇಜರು. ಇನ್ನೊಂದು, ನಾಲ್ಕು ದಿನ ಬಳಸಿ ಹಿಡಿಕೆಯ ಸಮೇತ ಬಿಸಾಡುವ ಪ್ಲಾಸ್ಟಿಕ್ ರೇಜರು.

ಇದೇನು ಮಹಾ ವಿಷಯ ಎಂದು ಕೆಲವರಿಗೆ ತೋರಬಹುದು. ಆದರೆ ನಾನಿರುವ ಊರು ಅತ್ತಿವೇರಿ. ಮುಂಡಗೋಡ ತಾಲೂಕಿನ ಈ ಊರಿನ ಜಲಾಶಯ ಪಕ್ಷಿಧಾಮವಾಗಿರುವುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಚಮಚದಂಥ ಕೊಕ್ಕಿನ ಬಿಳಿಯ ಹಕ್ಕಿಗಳೂ ನೀರುಕಾಗೆಗಳೂ ಇಲ್ಲಿ ನೆರೆಯುತ್ತವೆ. ಸುತ್ತಲಿನ ಇಳಿಜಾರಿನಲ್ಲಿ ಯಾರು ಏನನ್ನು ಬಿಸಾಡಿದರೂ ಮುಂಗಾರಿನ ನೀರು ಅದನ್ನು ಹೊತ್ತು ತಂದು ದಂಡೆಗೆ ಮುಟ್ಟಿಸುತ್ತದೆ. ಪೇಟೆಯಲ್ಲಿ ಬಿಸಾಡಿದ ವಸ್ತು ಕಣ್ಮರೆಯಾಗಿಬಿಡುತ್ತದೆ. ನೀರು ನಿಲ್ಲುವ ಊರಿನಲ್ಲಿ ಅದು ತಿರುಗಿ ಕಣ್ಣಿಗೆ ಬೀಳುತ್ತದೆ. ಹೀಗಾಗಿ, ಬಿಸಾಡುವುದೆಂದರೇನು, ಯಾವುದನ್ನು ಬಿಸಾಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಇಂಥ ಕಡೆ ವಾಸಿಸುವವನಿಗೆ ಬೇಡವೆಂದರೂ ಎದುರಾಗುತ್ತದೆ. ಗಡ್ಡ ಹೆರೆಯುವ ಸಾಧನದಲ್ಲಿ ಆ ಪ್ರಶ್ನೆಗೆ ಒಂದು ಉತ್ತರವಿದೆಯೆಂದು ನನ್ನ ಎಣಿಕೆ.

ಮೊದಲು ಹಳೆಯ ಕತ್ತಿಯ ಮಾತು. ಬ್ಲೇಡು ಬರುವುದಕ್ಕೆ ಮುಂಚೆ ನಮ್ಮ ಕಡೆ ಕ್ಷೌರವೆಂದರೆ ಹಡಪದೊಂದಿಗೆ ಮನೆಯ ಕಟ್ಟೆಗೆ ಬರುತ್ತಿದ್ದ ಕಸುಬುದಾರನ ಕೆಲಸ. ಹಡಪವೆಂದರೆ ಮೂಲದಲ್ಲಿ ಎಲೆಯಡಿಕೆಯ ಚೀಲ. ಬಸವಣ್ಣನವರ ಹಡಪ ಹಿಡಿದ ಶರಣ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಗೌರವಿಸುವ ಸಮಾಜದ ಕೈಯಲ್ಲಿ ಅದೇ ಶಬ್ದ ಕತ್ತಿ, ಕತ್ತರಿ, ಬಟ್ಟಲು, ಕನ್ನಡಿಗಳ ಚೀಲವೂ ಆಯಿತು. ಕ್ಷೌರಿಕನು ಊರಿನ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಅವನ ವರ್ಷದ ಕೂಲಿ ಸಲ್ಲುತ್ತಿತ್ತು. ಅವನ ಕತ್ತಿಯಲ್ಲಿ ಬಿಸಾಡುವಂಥದೇನೂ ಇರಲಿಲ್ಲ. ಮೊಂಡಾದರೆ ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ಎಳೆದು ಮತ್ತೆ ಹದಕ್ಕೆ ತರುತ್ತಿದ್ದ. ಒಂದು ಕತ್ತಿ ತಂದೆಯಿಂದ ಮಗನಿಗೆ ಬರುತ್ತಿತ್ತು.

ಈ ಚಿತ್ರ ನೆನಪಿಗೆ ಇಂಪಾದದ್ದು. ಆದರೆ ಅದರ ಇನ್ನೊಂದು ಮಗ್ಗುಲನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕವಾದೀತು. ಆ ಕತ್ತಿ ಊರಿನ ಎಲ್ಲ ಗಲ್ಲಗಳನ್ನೂ ಮುಟ್ಟುತ್ತಿರಲಿಲ್ಲ. ಊರ ಹೊರಗಿನ ಕೇರಿಯವರಿಗೆ ಆ ಸೇವೆ ಇರಲಿಲ್ಲ. ಅವರನ್ನು ಮುಟ್ಟಿದ ಕತ್ತಿ ತಮ್ಮನ್ನು ಮುಟ್ಟಬಾರದೆಂದು ಮೇಲಿನವರು ಕಟ್ಟಳೆ ಮಾಡಿದ್ದರು. ಕಟ್ಟಳೆ ಮುರಿದರೆ ಕ್ಷೌರಿಕನಿಗೇ ಊರಿನಲ್ಲಿ ಅನ್ನವಿಲ್ಲ. ಹೀಗೆ ಒಬ್ಬನನ್ನು ದೂರವಿಟ್ಟು, ಇನ್ನೊಬ್ಬನನ್ನು ಅಂಜಿಸಿ ಇಟ್ಟ ವ್ಯವಸ್ಥೆ ಅದು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇಂಥ ನಿರಾಕರಣೆಯನ್ನು ಶಿಕ್ಷಾರ್ಹಗೊಳಿಸಿತು. ಆದರೂ ಇಂಥ ಸುದ್ದಿ ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ. ತನ್ನ ಮುಖವನ್ನು ತಾನೇ ಹೆರೆದುಕೊಳ್ಳಲು ಬರುವ ಒಂದು ಅಗ್ಗದ ಸಾಧನ ಕೈಗೆ ಬಂದಾಗ, ಅದು ಉಳ್ಳವನಿಗೆ ಅನುಕೂಲವಾಗಿ ಕಂಡಿರಬಹುದು. ಕಟ್ಟೆಯ ಕೆಳಗೆ ನಿಂತವನಿಗೆ ಅದು ಯಾರನ್ನೂ ಬೇಡದೆ ಬೆಳಗನ್ನು ಆರಂಭಿಸುವ ಸ್ವಾತಂತ್ರ್ಯವಾಗಿತ್ತು. ಸೇಫ್ಟಿ ರೇಜರಿನ ಗುಣಗಳನ್ನು ಎಣಿಸುವಾಗ ಇದನ್ನು ಮೊದಲು ಎಣಿಸಬೇಕು.

ಆ ಸಾಧನದ ಹುಟ್ಟಿನ ಕತೆ ವಿಚಿತ್ರವಾದದ್ದು. ಅಮೆರಿಕೆಯ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಬಾಟಲಿಯ ಬಿರಡೆ ಮಾಡುವ ಕಂಪನಿಯಲ್ಲಿ ಊರೂರು ತಿರುಗುವ ಮಾರಾಟಗಾರನಾಗಿದ್ದ. ಸೋಡಾ ಬಾಟಲಿಯ ಲೋಹದ ಬಿರಡೆಯನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅವನ ಧಣಿ. ಒಮ್ಮೆ ಬಳಸಿ ಬಿಸಾಡುವಂಥ, ಬಿಸಾಡಿದವನು ಮತ್ತೆ ಕೊಳ್ಳಲು ಬರುವಂಥ ವಸ್ತುವೊಂದನ್ನು ಯೋಚಿಸು ಎಂದು ಪೇಂಟರನು ಸಲಹೆ ಕೊಟ್ಟನಂತೆ. ೧೮೯೫ರಲ್ಲಿ, ಮೊಂಡಾದ ಕತ್ತಿಯ ಮುಂದೆ ಕೂತಾಗ, ಜಿಲೆಟ್‌ಗೆ ಹೊಳೆಯಿತು: ಕತ್ತಿಯಲ್ಲಿ ಕೆಲಸ ಮಾಡುವುದು ಕೂದಲೆಳೆಯಷ್ಟು ಅಂಚು ಮಾತ್ರ; ಉಳಿದ ಉಕ್ಕೆಲ್ಲ ಆ ಅಂಚನ್ನು ಹೊತ್ತುಕೊಂಡಿರುವುದಕ್ಕೆ. ಹಾಗಿದ್ದ ಮೇಲೆ ಅಂಚನ್ನು ತೆಳುವಾದ ತಗಡಿನಲ್ಲಿ ಬೇರೆಯಾಗಿ ಮಾಡಬಾರದೇಕೆ? ಅಷ್ಟು ತೆಳುವಾದ ಉಕ್ಕಿಗೆ ಹದ ಕೊಟ್ಟು ಹರಿತ ಮಾಡುವುದು ಆಗದ ಕೆಲಸವೆಂದು ತಿಳಿದವರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರು ಅದನ್ನು ಸಾಧಿಸಿದ. ೧೯೦೧ರಲ್ಲಿ ಕಂಪನಿ ಹುಟ್ಟಿತು. ೧೯೦೩ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು ೫೧ ರೇಜರು, ೧೬೮ ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ ೯೦,೦೦೦ ದಾಟಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ತನ್ನ ಸೈನಿಕರಿಗಾಗಿ ೩೫ ಲಕ್ಷ ರೇಜರುಗಳನ್ನು ಕೊಂಡಿತು. ಯುದ್ಧದಿಂದ ಮರಳಿದವರು ಆ ಅಭ್ಯಾಸವನ್ನು ಮನೆಗೆ ಕೊಂಡೊಯ್ದರು.

ಸಾಹಿತ್ಯಪ್ರಿಯರಾದ ನಿಮಗೆ ರುಚಿಸಬಹುದಾದ ಒಂದು ಸಂಗತಿಯಿದೆ. ಇದೇ ಜಿಲೆಟ್, ಬ್ಲೇಡು ಹೊಳೆಯುವುದಕ್ಕೆ ಒಂದು ವರ್ಷ ಮುಂಚೆ, ೧೮೯೪ರಲ್ಲಿ, ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕವನ್ನು ಪ್ರಕಟಿಸಿದ್ದ. ವ್ಯಾಪಾರದ ಪೈಪೋಟಿಯೇ ಲೋಕದ ದೊಡ್ಡ ಅಪವ್ಯಯ. ಅದನ್ನು ತೊಲಗಿಸಿ, ನಯಾಗರಾ ಜಲಪಾತದ ಶಕ್ತಿಯಿಂದ ನಡೆಯುವ ಒಂದೇ ಮಹಾನಗರದಲ್ಲಿ ಜನ ಸಹಕಾರದಿಂದ ಬಾಳಬೇಕೆಂಬುದು ಅದರ ಕನಸು. ಅಪವ್ಯಯವನ್ನು ಅಷ್ಟಾಗಿ ದ್ವೇಷಿಸಿದವನೇ ಬಿಸಾಡುವ ವಸ್ತುವಿನಿಂದ ಕೋಟ್ಯಧೀಶನಾದ. ಇದನ್ನು ವಿಧಿಯ ವಿನೋದವೆನ್ನಬಹುದು. ಆದರೆ ಅವನ ರೇಜರನ್ನು ಬಿಚ್ಚಿ ನೋಡಿದರೆ ಇವೆರಡರ ನಡುವೆ ನಾವು ತಿಳಿದಷ್ಟು ವಿರೋಧವಿಲ್ಲ. ಸವೆಯುವುದನ್ನು ಸವೆಯದ್ದರಿಂದ ಬೇರ್ಪಡಿಸಿ, ಸವೆದದ್ದನ್ನಷ್ಟೇ ಬಿಸಾಡು ಎನ್ನುತ್ತದೆ ಅದು. ಹಿಡಿಕೆ, ತಟ್ಟೆ, ಮುಚ್ಚಳ ಮೂರೂ ಉಳಿಯುತ್ತವೆ. ಹೋಗುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ತಗಡು.

ನಮ್ಮಲ್ಲೂ ಅದು ಹಬ್ಬಿತು. ಟೋಪಾಜ್, ಪನಾಮಾ, ಸೆವೆನ್ ಓ ಕ್ಲಾಕ್ ಎಂಬ ಹೆಸರುಗಳನ್ನು ಕೇಳಿದರೆ ಒಂದು ತಲೆಮಾರಿಗೆ ಮುಂಜಾವಿನ ಸಾಬೂನಿನ ವಾಸನೆ ಬರುತ್ತದೆ. ೧೯೬೨ರಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ ತುಕ್ಕು ಹಿಡಿಯದ ಉಕ್ಕಿನ ಬ್ಲೇಡನ್ನು ತಂದ ಮೇಲೆ ಬ್ಲೇಡಿನ ಆಯುಷ್ಯವೂ ಹೆಚ್ಚಿತು. ಗಡ್ಡಕ್ಕೆ ಮೊಂಡಾದ ಬ್ಲೇಡಿಗೆ ನಮ್ಮ ಮನೆಗಳಲ್ಲಿ ಎರಡನೆಯ ಜನ್ಮವಿತ್ತು: ಮಕ್ಕಳ ಪೆನ್ಸಿಲಿಗೆ, ಉಗುರಿಗೆ, ಹಳೆಯ ಹೊಲಿಗೆ ಬಿಚ್ಚುವುದಕ್ಕೆ. ಅದು ನಮ್ಮ ಮಾತಿನೊಳಕ್ಕೂ ಬಂತು. ಜನರ ಠೇವಣಿ ನುಂಗಿ ರಾತ್ರೋರಾತ್ರಿ ಮಾಯವಾಗುವ ಸಂಸ್ಥೆಗೆ ‘ಬ್ಲೇಡ್ ಕಂಪನಿ’ ಎಂಬ ಹೆಸರನ್ನು ಕನ್ನಡಿಗರು ಯಾವ ನಿಘಂಟಿನ ಅಪ್ಪಣೆಯನ್ನೂ ಕೇಳದೆ ಇಟ್ಟುಬಿಟ್ಟರು.

ಇನ್ನು ಎರಡನೆಯ ಉಪಕರಣ. ಫ್ರಾನ್ಸಿನ ಬಿಕ್ ಕಂಪನಿ ೧೯೫೦ರಲ್ಲಿ ಅಗ್ಗದ ಬಾಲ್ ಪೆನ್ನು, ೧೯೭೩ರಲ್ಲಿ ಬಿಸಾಡುವ ಲೈಟರು, ೧೯೭೫ರಲ್ಲಿ ಬಿಸಾಡುವ ರೇಜರು, ಹೀಗೆ ಮೂರು ಹೆಜ್ಜೆಗಳನ್ನಿಟ್ಟಿತು. ಮರುವರ್ಷವೇ ಜಿಲೆಟ್ ಕಂಪನಿಯೂ ತನ್ನದೊಂದನ್ನು ಹೊರತಂದಿತು. ಇದರಲ್ಲಿ ಅಲಗನ್ನು ಪ್ಲಾಸ್ಟಿಕ್ಕಿನ ತಲೆಯೊಳಗೆ ಕೂರಿಸಿ ಭದ್ರಪಡಿಸಿರುತ್ತಾರೆ, ಬಿಚ್ಚಲು ಬಾರದು. ಅಂಚು ಸವೆಯಿತೆಂದರೆ ಇನ್ನೂ ಸವೆಯದ ಹಿಡಿಕೆಗೂ ಅದರ ಜೊತೆಗೇ ಮರಣ.

ಗುಣದೋಷಗಳನ್ನು ಒಂದೊಂದಾಗಿ ತೂಗೋಣ. ಕ್ಷೌರದ ನುಣುಪಿನಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಮೇಲೆಂದು ನಾನು ವಾದಿಸಲಾರೆ. ಗಡ್ಡವನ್ನು ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ನೆನೆಸಿ, ನೊರೆ ಹಚ್ಚಿ, ಅವಸರ ಮಾಡದಿದ್ದರೆ ಎರಡೂ ಗಲ್ಲವನ್ನು ನುಣುಪಾಗಿಸುತ್ತವೆ. ಭೇದವಿರುವುದು ಕೈಯ ಶಿಕ್ಷಣದಲ್ಲಿ. ಪ್ಲಾಸ್ಟಿಕ್ ರೇಜರಿನಲ್ಲಿ ಅಲಗಿನ ಓರೆಯನ್ನು ತಯಾರಿಸಿದವನೇ ಗೊತ್ತುಮಾಡಿರುತ್ತಾನೆ, ಎಳೆದರೆ ಸಾಕು. ಲೋಹದ ರೇಜರಿನಲ್ಲಿ ಆ ಓರೆಯನ್ನು ಕೈಯೇ ಕಂಡುಕೊಳ್ಳಬೇಕು. ಒತ್ತಬಾರದು, ರೇಜರಿನ ಭಾರವೇ ಕೆಲಸ ಮಾಡುವಂತೆ ಬಿಡಬೇಕು. ಕಲಿಯುವ ಮೊದಲ ಎರಡು ವಾರ ಪಟಕದ ಹರಳು ಕನ್ನಡಿಯ ಪಕ್ಕದಲ್ಲೇ ಇರಬೇಕಾಗುತ್ತದೆ. ಕಲಿತ ಮೇಲೆ ಅದೊಂದು ವಿದ್ಯೆಯಾಗಿ ಉಳಿಯುತ್ತದೆ.

ಸವೆಯುವುದು ಎರಡಕ್ಕೂ ಸಮಾನ. ೨೦೨೦ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿಗಳು ಇದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕೂದಲು ಬ್ಲೇಡಿನ ಉಕ್ಕಿಗಿಂತ ೫೦ ಪಟ್ಟು ಮೃದು. ಆದರೂ ಅಲಗಿಗೆ ಓರೆಯಾಗಿ ಬಾಗಿದ ಕೂದಲು, ಉಕ್ಕಿನ ಒಳರಚನೆಯಲ್ಲಿ ಏಕರೂಪತೆ ತಪ್ಪಿದ ಜಾಗದಲ್ಲಿ, ಅಂಚಿನಿಂದ ಸಣ್ಣ ಚಕ್ಕೆಯನ್ನು ಎಬ್ಬಿಸಬಲ್ಲದಂತೆ. ಮೃದುವಾದದ್ದು ಕಠಿಣವಾದದ್ದನ್ನು ಸೋಲಿಸುವ ಈ ಸಂಗತಿ ನಮ್ಮ ನೀತಿಕಾರರಿಗೆ ಸಿಕ್ಕಿದ್ದರೆ ಒಂದು ಸುಭಾಷಿತವಾಗುತ್ತಿತ್ತು. ನಮ್ಮ ಇಂದಿನ ಮಾತಿಗೆ ಬೇಕಾದದ್ದು ಇಷ್ಟು: ಹಿಡಿಕೆ ಯಾವುದೇ ಇರಲಿ, ಅಲಗು ಬದಲಾಗಲೇಬೇಕು. ಬದಲಾಯಿಸುವಾಗ ಅದರ ಜೊತೆ ಎಷ್ಟನ್ನು ಕಳೆದುಕೊಳ್ಳುತ್ತೇವೆ ಎಂಬುದೇ ಪ್ರಶ್ನೆ.

ಇದನ್ನು ತೂಕದಲ್ಲೇ ಹೇಳಬಹುದು. ಎರಡಂಚಿನ ಒಂದು ಬ್ಲೇಡಿನ ತೂಕ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ವಾರಕ್ಕೊಂದರಂತೆ ವರ್ಷಕ್ಕೆ ೫೨ ಬ್ಲೇಡುಗಳನ್ನು ಬಳಸಿದರೂ ಒಟ್ಟು ೩೦ ಗ್ರಾಮಿನ ಆಸುಪಾಸು, ಒಂದು ನಿಂಬೆಹಣ್ಣಿನ ತೂಕ. ಬಿಸಾಡುವ ರೇಜರು ಎಷ್ಟೇ ಹಗುರವಾಗಿದ್ದರೂ ಅದರ ಹತ್ತು ಪಟ್ಟು ತೂಗುತ್ತದೆ. ತೂಕಕ್ಕಿಂತ ಮುಖ್ಯವಾದದ್ದು ಕೂಡಿಕೆ. ಬ್ಲೇಡು ಅಪ್ಪಟ ಉಕ್ಕು; ಅಯಸ್ಕಾಂತ ಅದನ್ನು ಎಳೆಯುತ್ತದೆ, ಗುಜರಿಯವನಿಗೆ ಅದು ಕಬ್ಬಿಣ. ಪ್ಲಾಸ್ಟಿಕ್ಕಿನಲ್ಲಿ ಉಕ್ಕನ್ನು ಹುಗಿದ ರೇಜರು ಕಬ್ಬಿಣದವನಿಗೂ ಬೇಡ, ಪ್ಲಾಸ್ಟಿಕ್ಕಿನವನಿಗೂ ಬೇಡ. ಬೆಲೆಯ ಮಾತಿಗೆ ಬಂದರೆ, ನಮ್ಮೂರಿನ ಅಂಗಡಿಯಲ್ಲಿ ಒಂದು ಬಿಸಾಡುವ ರೇಜರಿನ ದುಡ್ಡಿಗೆ ನಾಲ್ಕೈದು ಬ್ಲೇಡುಗಳು ಬರುತ್ತವೆ. ಮತ್ತೊಂದು ಅನುಕೂಲವನ್ನೂ ಹೇಳಬೇಕು. ಜಿಲೆಟ್‌ನ ಹಕ್ಕುಪತ್ರ ೧೯೨೧ರಲ್ಲಿ ಮುಗಿದ ಮೇಲೆ ಎರಡಂಚಿನ ಬ್ಲೇಡು ಲೋಕದ ಸೊತ್ತಾಯಿತು. ಯಾರು ಮಾಡಿದ ಬ್ಲೇಡಾದರೂ ಯಾರು ಮಾಡಿದ ರೇಜರಿಗಾದರೂ ಕೂರುತ್ತದೆ. ಕೊಳ್ಳುವವನನ್ನು ಒಂದೇ ಅಂಗಡಿಗೆ ಕಟ್ಟಿಹಾಕದ ವಸ್ತುಗಳು ಈಗ ಅಪರೂಪ.

ಇಷ್ಟು ಕೇಳಿದವರು ನನ್ನನ್ನು ಹಳೆಯದರ ವಕೀಲನೆಂದು ಎಣಿಸಬಹುದು. ಆದ್ದರಿಂದ ಪ್ಲಾಸ್ಟಿಕ್ಕಿನ ಪರವಾಗಿ ನಾನು ಕಣ್ಣಾರೆ ಕಂಡ ಸಾಕ್ಷ್ಯವನ್ನು ಹೇಳುತ್ತೇನೆ. ನಮ್ಮ ತಂದೆಯವರು ಅರವತ್ತರ ದಶಕದಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡ ಹಿತ್ತಾಳೆಯ ರೇಜರಿನಲ್ಲೇ ಐವತ್ತು ವರ್ಷ ಗಡ್ಡ ಮಾಡಿಕೊಂಡವರು. ಎಂಬತ್ತು ದಾಟಿದ ಮೇಲೆ ಅವರ ಬಲಗೈ ನಡುಗತೊಡಗಿತು. ಭಾರವಾದ ಆ ರೇಜರು ಗಲ್ಲದ ಮೇಲೆ ನಿಲ್ಲದಾಯಿತು. ಬೇರೆಯವರು ಬಂದು ಹೆರೆಯುವುದನ್ನು ಅವರು ಒಪ್ಪಲಿಲ್ಲ. ನಾಲ್ಕು ತಿಂಗಳು ಗಡ್ಡ ಬಿಟ್ಟರು, ಮಾತನ್ನೂ ಕಡಿಮೆ ಮಾಡಿದರು. ಆಗ ನಾನು ಒಂದು ಪ್ಲಾಸ್ಟಿಕ್ ರೇಜರನ್ನು ತಂದುಕೊಟ್ಟೆ. ಹೂವಿನಷ್ಟು ಹಗುರ, ಅಂಚಿಗೆ ಕಾಪು, ಕೈ ನಡುಗಿದರೂ ಕೊಯ್ಯದು. ಮರುದಿನ ಬೆಳಿಗ್ಗೆ ಅವರು ಕನ್ನಡಿಯ ಮುಂದೆ ಕುಳಿತು ಅರ್ಧ ಗಂಟೆ ತೆಗೆದುಕೊಂಡು ತಮ್ಮ ಮುಖವನ್ನು ತಾವೇ ಮತ್ತೆ ಕಂಡರು. ವಾರ ಕಳೆದ ಮೇಲೆ, ಇದನ್ನು ಬಿಸಾಡಿ ಹೊಸದನ್ನು ಕೊಡುತ್ತೇನೆಂದೆ. ಅವರು ಅದನ್ನು ತೊಳೆದು ಒರೆಸಿ ಬಿಸಿಲಿಗೆ ಹಿಡಿದು ನೋಡಿ, “ಹಿಡಿಕಿ ಇನ್ನೂ ಗಟ್ಟಿ ಐತಲ್ಲೊ ತಮ್ಮಾ, ಇದನ್ಯಾಕ ಒಗೀಬೇಕು?” ಎಂದರು. ಆ ವಸ್ತುವನ್ನು ಬಿಸಾಡುವುದಕ್ಕೆಂದೇ ಮಾಡಿದ್ದಾರೆಂಬ ಉತ್ತರ ನನ್ನ ನಾಲಿಗೆಯ ಮೇಲಿತ್ತು. ಹೇಳಲಿಲ್ಲ. ಅವರು ಹೋದ ಮೇಲೆ ಪೆಟ್ಟಿಗೆಯಲ್ಲಿ ಹನ್ನೊಂದು ಹಿಡಿಕೆಗಳು, ತೊಳೆದು ಒಣಗಿಸಿ ದಾರದಿಂದ ಕಟ್ಟಿಟ್ಟವು, ಸಿಕ್ಕವು.

ಆದ್ದರಿಂದ ಪ್ಲಾಸ್ಟಿಕ್ ರೇಜರನ್ನು ನಾನು ಹಳಿಯಲಾರೆ. ನಡುಗುವ ಕೈಗೆ, ರೋಗಿಯ ಮಂಚಕ್ಕೆ, ಅವಸರದ ಪ್ರಯಾಣಕ್ಕೆ ಅದು ಉಪಕಾರಿ. ಆದರೆ ಅದನ್ನು ಮಾಡಿದವರು ತಂದೆಯವರ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು: ಹಿಡಿಕೆ ಗಟ್ಟಿಯಿರುವಾಗ ಅದನ್ನೇಕೆ ಬಿಸಾಡಬೇಕು?

ಬಿಸಾಡುವುದೇ ಧರ್ಮವಾಗುವ ಸಂದರ್ಭಗಳೂ ಉಂಟು. ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಕೈಗೆ ಸಿಕ್ಕ ಹಳೆಯ ಬ್ಲೇಡಿನಿಂದಲೋ ಕೊಯ್ಯುತ್ತಿದ್ದರು. ಅದರಿಂದ ಹಸುಗೂಸುಗಳಿಗೆ ಧನುರ್ವಾಯು ತಗುಲಿ, ವಾರ ತುಂಬುವಷ್ಟರಲ್ಲಿ ಎಷ್ಟೋ ತೊಟ್ಟಿಲುಗಳು ಬರಿದಾಗುತ್ತಿದ್ದವು. ಆಗ ಆರೋಗ್ಯ ಇಲಾಖೆಯವರು ಸೂಲಗಿತ್ತಿಯರಿಗೆ ಐದು ಶುದ್ಧಿಗಳನ್ನು ಕಲಿಸಿದರು: ಶುದ್ಧ ಕೈ, ಶುದ್ಧ ಹಾಸು, ಶುದ್ಧ ಬ್ಲೇಡು, ಶುದ್ಧ ದಾರ, ಏನನ್ನೂ ಹಚ್ಚದ ಶುದ್ಧ ಹೊಕ್ಕುಳು. ಅವರಿಗೆ ಕೊಟ್ಟ ಪೊಟ್ಟಣದಲ್ಲಿ ಕಾಗದ ಸುತ್ತಿದ ಒಂದು ಹೊಸ ಬ್ಲೇಡು ಇರುತ್ತಿತ್ತು. ಲಸಿಕೆಯೂ ಆಸ್ಪತ್ರೆಯ ಹೆರಿಗೆಯೂ ಅದಕ್ಕೆ ಕೂಡಿಬಂದವು. ೨೦೧೫ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಲ್ಲಿ ಆ ಬ್ಲೇಡನ್ನು ತೊಳೆದು ಇಟ್ಟುಕೊಳ್ಳುವುದು ಮಿತವ್ಯಯವಲ್ಲ, ಪಾತಕ.

ಕ್ಷೌರದಂಗಡಿಯಲ್ಲೂ ಹಾಗೆಯೇ. ಒಬ್ಬನ ರಕ್ತ ಇನ್ನೊಬ್ಬನಿಗೆ ಮುಟ್ಟಿದರೆ ಕಾಮಾಲೆ, ಏಡ್ಸ್‌ನಂಥ ರೋಗಗಳು ಹರಡಬಹುದೆಂಬ ಅರಿವು ಮೂಡಿದ ಮೇಲೆ ಹಳೆಯ ಮಸೆಯುವ ಕತ್ತಿ ಹಿಂದೆ ಸರಿಯಿತು. ಅದರ ಜಾಗಕ್ಕೆ ಪ್ಲಾಸ್ಟಿಕ್ ರೇಜರು ಬರಲಿಲ್ಲ ಎಂಬುದನ್ನು ಗಮನಿಸಬೇಕು. ಎರಡಂಚಿನ ಬ್ಲೇಡನ್ನು ಕಾಗದದೊಳಗೇ ಮುರಿದು, ಅರ್ಧವನ್ನು ಕತ್ತಿಯಾಕಾರದ ಹಿಡಿಕೆಗೆ ಸಿಕ್ಕಿಸಿ, ಒಬ್ಬರ ಗಡ್ಡ ಮುಗಿದ ಮೇಲೆ ಅದನ್ನು ತೆಗೆದು ಡಬ್ಬಿಗೆ ಹಾಕುವ ಪದ್ಧತಿ ಬಂತು. ಯಾವ ತಜ್ಞರ ಸಮಿತಿಯೂ ಇದಕ್ಕಿಂತ ಚೆನ್ನಾದ ತೀರ್ಮಾನಕ್ಕೆ ಬರುತ್ತಿರಲಿಲ್ಲ. ಗಿರಾಕಿಗೆ ಹೊಸ ಅಲಗು, ಕಸುಬುದಾರನಿಗೆ ಹಳೆಯ ಹಿಡಿಕೆ, ಕಸಕ್ಕೆ ಅರ್ಧ ತಗಡು.

ನಮ್ಮ ತಾಲೂಕಿನಲ್ಲಿ ರೇಜರಿನ ವಿಷಯ ಮಾತಾಡುವವನು ಟಿಬೆಟನ್ ಭಿಕ್ಷುಗಳನ್ನು ನೆನೆಯದಿರಲಾರ. ೧೯೬೬ರಲ್ಲಿ ಮುಂಡಗೋಡಿನ ಬಳಿ ಅವರ ವಸತಿ ನೆಲೆಗೊಂಡಿತು. ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಸಾವಿರಾರು ಮುಂಡಿತ ಶಿರಗಳು ಒಂದೆಡೆ ಕೂತು ಶಾಸ್ತ್ರ ಚರ್ಚೆ ಮಾಡುವುದನ್ನು ನಾವು ಕಂಡಿದ್ದೇವೆ. ಬೌದ್ಧರ ಪಾಳಿ ಸಂಪ್ರದಾಯದಲ್ಲಿ ಭಿಕ್ಷುವಿಗೆ ಎಂಟು ಪರಿಕರಗಳನ್ನು ಹೇಳಿದೆ: ಮೂರು ಚೀವರ, ಭಿಕ್ಷಾಪಾತ್ರೆ, ಸೊಂಟದ ಪಟ್ಟಿ, ಸೂಜಿ, ನೀರು ಸೋಸುವ ಬಟ್ಟೆ ಮತ್ತು ಕ್ಷೌರದ ಕತ್ತಿ. ಎಲ್ಲವನ್ನೂ ಬಿಟ್ಟು ಹೊರಟವನಿಗೂ ಇಟ್ಟುಕೊಳ್ಳಬಹುದೆಂದು ಹೇಳಿದ ವಸ್ತುಗಳಲ್ಲಿ ಇದೂ ಒಂದು. ತ್ಯಾಗಿಯು ಸಂಸಾರವನ್ನು ಬಿಡುತ್ತಾನೆ, ಉಳಿದ ಎಂಟನ್ನು ಜೋಪಾನ ಮಾಡುತ್ತಾನೆ. ನಾವು ಸಂಸಾರಿಗಳು ಏನನ್ನೂ ಬಿಡುವುದಿಲ್ಲ, ಆದರೆ ದಿನಕ್ಕೆ ಎಂಟನ್ನಾದರೂ ಬಿಸಾಡುತ್ತೇವೆ. ಬಿಡುವುದಕ್ಕೂ ಬಿಸಾಡುವುದಕ್ಕೂ ಇರುವ ಅಂತರವನ್ನು ತಿಳಿಯಲು ದೊಡ್ಡ ಗ್ರಂಥಗಳು ಬೇಕಾಗಿಲ್ಲ.

ವ್ಯಾಪಾರಿಗಳಿಗೆ ಇದು ತಿಳಿಯದೆಂದಲ್ಲ. ೨೦೧೦ರಲ್ಲಿ ಜಿಲೆಟ್ ಕಂಪನಿ ಭಾರತಕ್ಕೆಂದೇ ‘ಗಾರ್ಡ್’ ಎಂಬ ರೇಜರನ್ನು ತಂದಿತು. ರೇಜರಿಗೆ ೧೫ ರೂಪಾಯಿ, ಬದಲಾಯಿಸುವ ಅಲಗಿಗೆ ೫ ರೂಪಾಯಿ ಎಂದು ಆಗ ಬೆಲೆಯಿಟ್ಟಿತ್ತು. ಎರಡು, ಮೂರು, ಐದು ಅಲಗುಗಳೆಂದು ಏರುತ್ತ ಹೋದ ಕಂಪನಿ ಇಲ್ಲಿಗೆ ಬಂದಾಗ ಒಂದೇ ಅಲಗಿಗೆ ಇಳಿಯಿತು, ಹಿಡಿಕೆಯನ್ನು ಉಳಿಸಿತು. ಹಗುರವೂ ಇರಲಿ, ಹಿಡಿಕೆಯೂ ಉಳಿಯಲಿ ಎನ್ನುವುದು ಆಗದ ಮಾತಲ್ಲವೆಂದು ಇದರಿಂದ ಸಿದ್ಧವಾಯಿತು. ಸರ್ಕಾರ ೨೦೨೨ರ ಜುಲೈ ಒಂದರಿಂದ ನಿಷೇಧಿಸಿದ ಒಮ್ಮೆ ಬಳಸುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಕಿವಿಕಡ್ಡಿಯಿದೆ, ಹೀರುಕೊಳವೆಯಿದೆ, ತಟ್ಟೆ ಲೋಟಗಳಿವೆ, ರೇಜರು ಇಲ್ಲ. ಇರಬೇಕೆಂದು ನಾನು ಹೇಳುವುದಿಲ್ಲ. ನಡುಗುವ ಕೈಗಳನ್ನು ಕಾಯಿದೆ ಹೇಗೆ ಗುರುತಿಸೀತು? ಇದು ಅವರವರ ಕನ್ನಡಿಯ ಮುಂದೆ ತೀರ್ಮಾನವಾಗಬೇಕಾದದ್ದು.

ಲೋಹದ ರೇಜರಿನವರಿಗೂ ಒಂದು ಹೊಣೆಯಿದೆ. ಸವೆದ ಬ್ಲೇಡು ನಮ್ಮ ಗಲ್ಲಕ್ಕೆ ಮೊಂಡು. ಕಸ ಆಯುವ ಕೈಗೆ, ಮೇಯುವ ದನದ ನಾಲಿಗೆಗೆ, ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವ ಪಾದಕ್ಕೆ ಅದು ಹರಿತವೇ. ಒಂದು ಹಳೆಯ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕುತ್ತ ಹೋದರೆ ಹತ್ತು ವರ್ಷಕ್ಕೂ ತುಂಬದು. ತುಂಬಿದ ದಿನ ಡಬ್ಬಿಯ ಸಮೇತ ಗುಜರಿಗೆ ಕೊಡಬಹುದು. ಬಿಸಾಡುವುದೆಂದರೆ ಕೈಯಿಂದ ಬಿಡುವುದಷ್ಟೇ ಅಲ್ಲ. ಅದು ಹೋಗಿ ಎಲ್ಲಿ ಬೀಳುತ್ತದೆಂದು ತಿಳಿದು ಬಿಡುವುದು.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಕೈ ಗಟ್ಟಿಯಿರುವಷ್ಟು ದಿನ ಲೋಹದ್ದು. ಕೈ ಸೋತಾಗ ಹಗುರವಾದದ್ದು. ಇನ್ನೊಬ್ಬರ ಜೀವದ ಪ್ರಶ್ನೆ ಬಂದಲ್ಲಿ, ಹಿಂದುಮುಂದು ನೋಡದೆ, ಹೊಸ ಅಲಗು. ಈ ಮೂರಕ್ಕೂ ಅಡಿಯಲ್ಲಿರುವ ಸೂತ್ರ ಒಂದೇ: ಸವೆದದ್ದನ್ನು ಬಿಡು, ಸವೆಯದ್ದನ್ನು ಉಳಿಸು, ಎರಡನ್ನೂ ಬೇರ್ಪಡಿಸಲಾಗದಂತೆ ಕೂಡಿಸಬೇಡ. ರೇಜರಿಗೆ ಹೊರತಾಗಿ ಬೇರೆ ಕಡೆಗೂ ಇದು ಅನ್ವಯಿಸೀತೆಂದು ನಿಮಗೆ ತೋರಿದರೆ ನನ್ನ ಅಭ್ಯಂತರವಿಲ್ಲ. ಹಳೆಯ ಕಟ್ಟಳೆಗಳಲ್ಲಿ ಯಾವುದು ಮೊಂಡಾದ ಅಲಗು, ಯಾವುದು ಗಟ್ಟಿಯಾದ ಹಿಡಿಕೆ ಎಂಬುದನ್ನು ಗುರುತಿಸುವ ಕೆಲಸ ನಮ್ಮ ಸಮಾಜದಲ್ಲೂ ಇನ್ನೂ ಮುಗಿದಿಲ್ಲ.